ಸೀಳಿದ ಮಡಗಾರ್ಡು ಯಾರ ಲೆಕ್ಕದಲ್ಲಿ?

ಈ ವಾರ ಒಂದು ಸಣ್ಣ ಸಂಗತಿಯನ್ನು ಕುರಿತು ಬರೆಯಬೇಕೆಂದು ಕುಳಿತಿದ್ದೇನೆ. ದೊಡ್ಡ ಸಂಗತಿಗಳನ್ನು ಬರೆಯುವವರು ಊರೂರಿಗೆ ಇದ್ದಾರೆ. ಆದರೆ ಫಟಫಟಿಯ ಹಿಂದಿನ ಮಡಗಾರ್ಡು ಸೀಳಿದರೆ ಬಡವನು ಏನು ಮಾಡಬೇಕು, ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಏನು ಅನಾಹುತವಾಗುತ್ತದೆ ಎಂಬುದನ್ನು ಬರೆದವರನ್ನು ನಾನು ಕಂಡಿಲ್ಲ.

ಇದೇನು ಮಾಸ್ತರನು ರಾಜಕಾರಣ ಬಿಟ್ಟು ಗ್ಯಾರೇಜು ತೆರೆದನೋ ಎಂದು ವಾಚಕರು ನಗಬಹುದು. ನಗಲಿ. ಆದರೆ ನಗುವ ಮೊದಲು ನಮ್ಮ ಸೀಮೆಯ ರಸ್ತೆಗಳನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಲಿ. ನಸುಕಿನಲ್ಲಿ ಇಂಡಿಯ ತೋಟಗಳಿಂದ ಲಿಂಬಿಯ ಚೀಲ ಕಟ್ಟಿಕೊಂಡು ಹೊರಡುವವನು ಯಾವುದರ ಮೇಲೆ ಹೊರಡುತ್ತಾನೆ? ಸಿಂದಗಿಯ ಸಂತೆಗೆ ಬಟ್ಟೆಯ ಗಂಟು ಒಯ್ಯುವ ಕಿರಕೋಳ ವ್ಯಾಪಾರಿ, ಮುದ್ದೇಬಿಹಾಳದ ಹಳ್ಳಿಗಳಿಂದ ಎರಡೂ ಬದಿಗೆ ಹಾಲಿನ ಕ್ಯಾನು ತೂಗಹಾಕಿಕೊಂಡು ಬರುವ ಗೌಳಿ, ಬಸವನ ಬಾಗೇವಾಡಿಯ ಕಡೆಯಿಂದ ರಾತ್ರಿಪಾಳಿಗೆ ದಾಲ್ ಮಿಲ್ಲಿಗೂ ಹತ್ತಿಯ ಜಿನ್ನಿಗೂ ಬರುವ ಕೆಲಸಗಾರ, ಇವರೆಲ್ಲರ ಎತ್ತು, ಗಾಡಿ, ಕುದುರೆ, ಎಲ್ಲವೂ ಅದೇ ಎರಡು ಗಾಲಿಯ ಯಂತ್ರ. ಎತ್ತಿನ ಹೆಗಲು ಹುಣ್ಣಾದರೆ ನಮ್ಮ ಅಜ್ಜಂದಿರು ನೊಗ ಇಳಿಸುತ್ತಿದ್ದರು, ಔಷಧ ಹಚ್ಚುತ್ತಿದ್ದರು. ಯಂತ್ರಕ್ಕೆ ಹುಣ್ಣಾದರೆ ನಾವು ತಂತಿ ಬಿಗಿದು ಹೊರಡುತ್ತೇವೆ. ತಪ್ಪು ಇಲ್ಲಿಂದಲೇ ಸುರುವಾಗುತ್ತದೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ಹೋದ ಮಳೆಗಾಲದಲ್ಲಿ ನನ್ನ ಹಳೆಯ ಗಾಡಿಯ ಹಿಂದಿನ ಮಡಗಾರ್ಡು ಬೋಲ್ಟಿನ ತೂತಿನಿಂದ ಸೀಳತೊಡಗಿತ್ತು. ಮೊದಲು ಒಂದು ಕೂದಲೆಳೆಯಷ್ಟು ಗೆರೆ. ಹದಿನೈದು ದಿನಗಳಲ್ಲಿ ಅದು ಅರ್ಧ ಅಗಲಕ್ಕೆ ಬಂತು. ಕಟಕಟ ಸಪ್ಪಳ. ಸಭೆಗಳ ಗಡಿಬಿಡಿ. ರಿಪೇರಿಗೆ ಒಂದು ದಿನ ಗಾಡಿ ನಿಲ್ಲಿಸಲು ಮನಸ್ಸಾಗಲಿಲ್ಲ. ಕೊನೆಗೆ ಸಪ್ಪಳ ತಾಳಲಾರದೆ ಪಾನಾ ಹಿಡಿದು ಮಡಗಾರ್ಡಿನ ಹಿಂದಿನ ತುಂಡನ್ನೇ ಬಿಚ್ಚಿ ಮನೆಯ ಅಟ್ಟಕ್ಕೆ ಹಾಕಿದೆ. ಎಡಗಡೆಯ ಸೀರೆಯ ಜಾಳಿಗೆಯೂ ಅದರ ಪಟ್ಟಿಗೇ ಕೂಡಿಕೊಂಡಿತ್ತಾದ್ದರಿಂದ ಅದೂ ಅಟ್ಟ ಸೇರಿತು. ಗಾಡಿ ಹಗುರಾಯಿತು, ಸಪ್ಪಳ ನಿಂತಿತು, ನಾನು ಜಾಣನಾದೆನೆಂದು ತಿಳಿದೆ.

ಅದೇ ವಾರ ನನ್ನ ಅಕ್ಕನನ್ನು ಹಿಂದೆ ಕೂಡ್ರಿಸಿಕೊಂಡು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೊರಟಿದ್ದೆ. ಮಳೆ ನಿಂತು ರಾಡಿಯಾಗಿತ್ತು. ಅಕ್ಕ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡಿದ್ದಳು. ಗಾಳಿಗೆ ಅದರ ತುದಿ ಬಿಚ್ಚಿತೋ ಏನೋ, ಒಮ್ಮೆಲೆ ಪರ್ರನೆ ಹರಿದ ಸಪ್ಪಳ, ಹಿಂದಿನಿಂದ ಒಂದು ಕೂಗು. ಬ್ರೇಕು ಹಿಡಿದು ಹಿಂದಿರುಗಿ ನೋಡಿದರೆ ಸೆರಗು ಗಾಲಿಯ ಕಡ್ಡಿಗಳಲ್ಲಿ ಸುತ್ತಿಕೊಂಡು ಚೈನಿನವರೆಗೆ ಹೋಗಿದೆ, ಅಕ್ಕ ಒಂದು ಮಗ್ಗುಲಿಗೆ ಬಾಗಿ ನನ್ನ ಅಂಗಿಯನ್ನು ಹಿಡಿದು ತೂಗುತ್ತಿದ್ದಾಳೆ. ರಾಡಿಯ ದೆಸೆಯಿಂದ ಗಾಡಿ ನಡಿಗೆಯ ವೇಗದಲ್ಲಿತ್ತು. ಅದೊಂದೇ ನಮ್ಮ ಪುಣ್ಯ. ಮೊಣಕೈ ತರಚಿತು, ಸೀರೆ ಹೋಯಿತು.

"ಹೋಗ್ಲಿ ಬಿಡೋ ತಮ್ಮಾ, ಸೀರಿ ಹೋದ್ರ ಹೋತು, ಕೈ ಉಳೀತಲ್ಲ" ಎಂದಳು ಅಕ್ಕ. ನನಗೆ ಮಾತು ಹೊರಡಲಿಲ್ಲ.

ಗಾಡಿಯನ್ನು ನೂಕಿಕೊಂಡು ಹೋಗಿ ಒಬ್ಬ ಮಿಸ್ತ್ರಿಯ ಅಂಗಡಿಯ ಮುಂದೆ ನಿಲ್ಲಿಸಿದೆ. ಮುದುಕ ಮನುಷ್ಯ, ಕೈತುಂಬ ಗ್ರೀಸು. ಗಾಲಿಯನ್ನು ನೋಡಿದ, ಅಕ್ಕನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಮಾಸ್ತರ, ಸಾಲ್ಯಾಗ ಹುಡುಗರಿಗೆ ಬುದ್ಧಿ ಹೇಳ್ತಿದ್ರಿ. ಹಿಂದ ಹೆಣ್ಮಗಳನ್ನ ಕೂಡಿಸ್ಕೊಂಡು ಗಾಲಿ ಬತ್ತಲೆ ಬಿಟ್ಟು ಬರೂದು ಯಾವ ಪುಸ್ತಕದಾಗ ಐತ್ರಿ?" ಎಂದು ಕೇಳಿದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಅವನ ಅಂಗಡಿಯ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಕುಳಿತು ಕಲಿತದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಕೂಡಿಸಿ ಇಲ್ಲಿ ಒಪ್ಪಿಸುತ್ತಿದ್ದೇನೆ.

ಪತ್ರಾ ಯಾಕೆ ಸೀಳುತ್ತದೆ?

ಮಡಗಾರ್ಡು ಒಂದೇ ಪೆಟ್ಟಿಗೆ ಸೀಳುವುದು ಅಪರೂಪ. ಶಾಲೆಯಲ್ಲಿ ಹುಡುಗರು ತಂತಿಯ ತುಂಡನ್ನು ಅತ್ತ ಬಾಗಿಸಿ ಇತ್ತ ಬಾಗಿಸಿ ಮುರಿಯುವುದನ್ನು ಎಲ್ಲರೂ ನೋಡಿದ್ದೇವೆ. ಎಳೆದರೆ ಹರಿಯದ ತಂತಿ ಹತ್ತು ಸಲ ಬಾಗಿಸಿದರೆ ತಾನಾಗಿ ಮುರಿಯುತ್ತದೆ. ಲೋಹಕ್ಕೂ ದಣಿವು ಇದೆ. ಇದನ್ನು ಜಗತ್ತು ಬಹಳ ಪ್ರಾಣಗಳನ್ನು ತೆತ್ತು ಕಲಿತಿದೆ. 1842ರ ಮೇ ತಿಂಗಳಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಡಬ್ಬಿಗಳಿಗೆ ಬೆಂಕಿ ಹತ್ತಿ ಐವತ್ತಕ್ಕಿಂತ ಹೆಚ್ಚು ಜನ ಸತ್ತರು. ದಿನದಿನದ ಸಣ್ಣ ಸಣ್ಣ ಬಾಗುವಿಕೆಯಿಂದಲೇ ಅಂಥ ಅಚ್ಚುಗಳು ಸೀಳುತ್ತವೆಂಬುದನ್ನು ಮುಂದೆ ಜರ್ಮನಿಯ ಆಗಸ್ಟ್ ವೋಲರ್ ಎಂಬ ರೈಲ್ವೆ ಇಂಜಿನಿಯರನು ವರ್ಷಗಟ್ಟಲೆ ಪರೀಕ್ಷೆ ಮಾಡಿ ತೋರಿಸಿದನು. 1954ರಲ್ಲಿ ಇಂಗ್ಲೆಂಡಿನ ಕಾಮೆಟ್ ವಿಮಾನಗಳು ಆಕಾಶದಲ್ಲಿ ಒಡೆದದ್ದೂ ಇದೇ ಲೋಹದ ದಣಿವಿನಿಂದ. ರೈಲಿನ ಅಚ್ಚಿಗೂ ವಿಮಾನದ ಮೈಗೂ ಇರುವ ನಿಯಮವೇ ನಮ್ಮ ಫಟಫಟಿಯ ಪತ್ರಾಕ್ಕೂ ಇದೆ.

ದಣಿದ ಲೋಹ ಎಲ್ಲಿ ಸೀಳುತ್ತದೆ? ಎಲ್ಲಿ ತೂತಿದೆಯೋ, ಎಲ್ಲಿ ಚೂಪಾದ ಮೂಲೆಯಿದೆಯೋ, ಎಲ್ಲಿ ಹಳೆಯ ಬೆಸುಗೆಯ ಅಂಚಿದೆಯೋ, ಎಲ್ಲಿ ಜಂಗು ಕಚ್ಚಿ ತಗ್ಗು ಬಿದ್ದಿದೆಯೋ ಅಲ್ಲಿ. ಮಡಗಾರ್ಡಿನಲ್ಲಿ ಬೋಲ್ಟಿನ ತೂತಿನ ಸುತ್ತಲೂ ಬಿರುಕು ಹುಟ್ಟುವುದು ಈ ಕಾರಣದಿಂದ. ಪತ್ರಾಕ್ಕೂ ಪಟ್ಟಿಗೂ ನಡುವೆ ಇದ್ದ ರಬ್ಬರಿನ ಬಿಲ್ಲೆ ಒಣಗಿ ಉದುರಿಹೋಗಿರುತ್ತದೆ. ಬೋಲ್ಟು ಸಡಿಲಾಗಿರುತ್ತದೆ. ಒಂದು ಬೋಲ್ಟು ಸಡಿಲಾದರೆ ಅದರ ಪಾಲಿನ ಭಾರವನ್ನು ಉಳಿದವು ಹೊರಬೇಕು. ಒಬ್ಬ ಹಮಾಲ ಕೈಬಿಟ್ಟರೆ ಚೀಲದ ಭಾರ ಉಳಿದವರ ಬೆನ್ನಿಗೆ ಬೀಳುವ ಹಾಗೆ.

ಇನ್ನು ನಮ್ಮ ಸೀಮೆಗೇ ಸೇರಿದ ಎರಡು ಕಾರಣಗಳಿವೆ.

ಒಂದು, ಎರೆಯ ಮಣ್ಣು. ಡೋಣಿಯ ದಂಡೆಯ ಎರೆ ಬಿಳಿಜೋಳಕ್ಕೆ ಬಂಗಾರ, ಗಾಲಿಗೆ ಶತ್ರು. ಹಸಿಯಾದ ಎರೆ ಉಬ್ಬುತ್ತದೆ, ಅಂಟುತ್ತದೆ, ಗಾಲಿಯ ಜೊತೆ ಸುತ್ತಿ ಬಂದು ಮಡಗಾರ್ಡಿನ ಒಳಗೆ ಮೆತ್ತಿಕೊಳ್ಳುತ್ತದೆ. ಪದರಿನ ಮೇಲೆ ಪದರು ಕೂತು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ನಾವು ರೇಸು ಕೊಟ್ಟು ಎಳೆಯುತ್ತೇವೆ. ಟಾಯರು ಆ ಮಣ್ಣಿನ ಗಡ್ಡೆಯನ್ನು ನೂಕುತ್ತದೆ, ಗಡ್ಡೆ ಪತ್ರಾವನ್ನು ನೂಕುತ್ತದೆ. ಮಳೆ ಹೋಗಿ ಬಿಸಿಲು ಬಂದ ಮೇಲೂ ಒಳಗಿನ ಮಣ್ಣು ತೇವ ಹಿಡಿದುಕೊಂಡೇ ಇರುತ್ತದೆ, ಒಳಗಿನಿಂದ ಜಂಗು ತಿನ್ನುತ್ತದೆ. ಹೊರಗಿನ ಬಣ್ಣ ನೋಡಿ ಗಟ್ಟಿಯಿದೆ ಎಂದುಕೊಳ್ಳುತ್ತೇವೆ. ಗೊಬ್ಬರದ ಚೀಲ ಹೇರುವವರ ಗಾಡಿಯಲ್ಲಿ ಇದು ಇನ್ನೂ ಬೇಗ, ಏಕೆಂದರೆ ಸರಕಾರಿ ಗೊಬ್ಬರದ ಪುಡಿ ತೇವಕ್ಕೆ ಕೂಡಿದರೆ ಕಬ್ಬಿಣವನ್ನು ತಿನ್ನುತ್ತದೆ.

ಎರಡು, ಭಾರ. ವ್ಯಾಪಾರಸ್ಥ ಬಂಧುಗಳಿಗೆ ತಕ್ಕಡಿಯ ಧರ್ಮ ಹೇಳಿಕೊಡಬೇಕಿಲ್ಲ. ದಂಡಿಗೆಯಲ್ಲಿ ಬೊಟ್ಟನ್ನು ದೂರಕ್ಕೆ ಸರಿಸಿದಷ್ಟೂ ಅದು ಹೆಚ್ಚು ತೂಗುತ್ತದೆ. ಸೀಟಿನ ಮೇಲಿಟ್ಟ ಇಪ್ಪತ್ತು ಕಿಲೋ ಬೇರೆ, ಹಿಂದಿನ ಗಾಲಿಯ ಅಚ್ಚಿಗಿಂತ ಒಂದು ಮೊಳ ಹಿಂದೆ ಕಟ್ಟಿದ ಇಪ್ಪತ್ತು ಕಿಲೋ ಬೇರೆ. ಆ ಕ್ಯಾರಿಯರಿನ ಕಾಲು ಗಾಡಿಯ ಚೌಕಟ್ಟಿಗೆ ಕೂಡಿದ್ದರೆ ಅದು ತಾಳುತ್ತದೆ. ಬರಿಯ ಮಡಗಾರ್ಡಿಗೆ ಕೂಡಿದ್ದರೆ ತಗ್ಗಿಗೆ ಇಳಿದು ಏರಿದಾಗಲೆಲ್ಲ ಆ ಪತ್ರಾ ಒಂದು ಸಲ ಬಾಗಿತೆಂದೇ ಲೆಕ್ಕ. ಇಂಡಿಯಿಂದ ಸಿಂದಗಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ತಗ್ಗುಗಳೆಂಬುದನ್ನು ಸವಾರನೇ ಎಣಿಸಲಿ.

ರಿಪೇರಿಯ ರೀತಿ

ಮಿಸ್ತ್ರಿ ನನಗೆ ಕಲಿಸಿದ ಮೊದಲ ಪಾಠ ನಾನು ಜೀವಮಾನವೆಲ್ಲ ಕೈಯಲ್ಲಿ ಹಿಡಿದ ವಸ್ತುವಿನದೇ ಆಗಿತ್ತು. "ನಿಮ್ಮ ಖಡು ಐತೇನ್ರಿ ಕಿಸೇದಾಗ?" ಎಂದು ಕೇಳಿದ. ಕಣ್ಣಿಗೆ ಕಾಣುವ ಬಿರುಕಿನ ತುದಿ ನಿಜವಾದ ತುದಿಯಲ್ಲ. ಮಡಗಾರ್ಡನ್ನು ತೊಳೆದು ಒಣಗಿಸಿ, ಬಿರುಕಿನ ಮೇಲೆ ಡೀಸೆಲ್ ಅಥವಾ ತೆಳುವಾದ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನದನ್ನೆಲ್ಲ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಆಮೇಲೆ ಖಡುವಿನ ಪುಡಿ ಉದುರಿಸಬೇಕು. ಬಿರುಕಿನೊಳಗೆ ಇಳಿದಿದ್ದ ಎಣ್ಣೆ ಮೇಲೆದ್ದು ಬಿಳಿಯ ಪುಡಿಯಲ್ಲಿ ಗೆರೆಯಾಗಿ ಮೂಡುತ್ತದೆ. ಬರಿಗಣ್ಣಿಗೆ ಕಂಡದ್ದಕ್ಕಿಂತ ಅದು ಉದ್ದವಿರುತ್ತದೆ. ಹಿಂದೆ ರೈಲ್ವೆಯ ಕಾರ್ಖಾನೆಗಳಲ್ಲಿ ಅಚ್ಚುಗಳ ಬಿರುಕನ್ನು ಹುಡುಕುತ್ತಿದ್ದದ್ದು ಇದೇ ಎಣ್ಣೆ ಮತ್ತು ಸುಣ್ಣದ ಪುಡಿಯಿಂದ.

ಎರಡನೆಯದು, ಆ ನಿಜವಾದ ತುದಿಯಲ್ಲಿ ಸುಮಾರು ಮೂರು ಮಿಲಿಮೀಟರಿನ ಒಂದು ದುಂಡು ತೂತು ಕೊರೆಯುವುದು. ಸೀಳಿದ್ದಕ್ಕೆ ಇನ್ನೊಂದು ತೂತೇ ಎಂದು ನಾನು ಗಾಬರಿಯಾದೆ. ಇದರ ಮರ್ಮ ಹೀಗಿದೆ. ಬಿರುಕಿನ ತುದಿ ಸೂಜಿಯ ಮೊನೆಗಿಂತ ಚೂಪು. ಎಳೆತದ ಜೋರೆಲ್ಲ ಆ ಮೊನೆಗೆ ಬಂದು ನಿಲ್ಲುತ್ತದೆ. ಅಲ್ಲಿ ದುಂಡಗೆ ಮಾಡಿದರೆ ಜೋರು ಸುತ್ತಲೂ ಹಂಚಿಹೋಗುತ್ತದೆ, ಬಿರುಕಿನ ನಡಿಗೆ ತಡೆಯುತ್ತದೆ. ಅಂಗಿಯ ಹರಕಿನ ತುದಿಗೆ ದರ್ಜಿಯು ಮೊದಲು ಒಂದು ಗಂಟು ಹಾಕುವುದಿಲ್ಲವೆ? ಅದೇ ಪ್ರಕಾರ. ತೂತು ತುದಿಗಿಂತ ಹಿಂದೆ ಬಿದ್ದರೆ ಕೆಲಸ ವ್ಯರ್ಥ, ಬಿರುಕು ಮುಂದೆ ಹೊರಟೇ ಇರುತ್ತದೆ. ಅದಕ್ಕಾಗಿಯೇ ಮೊದಲು ಖಡು.

ಮೂರನೆಯದು, ಬೆಸುಗೆ. ಮಡಗಾರ್ಡನ್ನು ಗಾಡಿಯಿಂದ ಪೂರ್ತಿ ಬಿಚ್ಚಿಯೇ ಬೆಸುಗೆಗೆ ಕೊಡಬೇಕು. ಹಿಂದಿನ ದೀಪದ ವಾಯರು ಅದರ ಹೊಟ್ಟೆಯಡಿಯಲ್ಲೇ ಹಾದಿರುತ್ತದೆ, ಪೆಟ್ರೋಲಿನ ಟಾಕಿ ದೂರವಿರುವುದಿಲ್ಲ. "ಬಿಚ್ಚೂದ್ಯಾಕ, ಹಂಗ ಎರಡು ಟಾಕಾ ಹಾಕ್ತೀನಿ" ಎನ್ನುವವನ ಅಂಗಡಿಯಿಂದ ಗಾಡಿಯನ್ನು ತಿರುಗಿಸಿಕೊಂಡು ಬರತಕ್ಕದ್ದು. ಚೌಕಟ್ಟಿಗೇ ಬೆಸುಗೆ ಹಾಕಬೇಕಾದ ಪ್ರಸಂಗ ಬಂದರೆ ಬ್ಯಾಟರಿಯ ಸಂಬಂಧ ಕಡಿದು, ಟಾಕಿ ಇಳಿಸಿಯೇ ಮಾಡಿಸಬೇಕು. ಗೇಟು-ಕಿಟಕಿ ಮಾಡುವವರ ಕಡ್ಡಿ ವೆಲ್ಡಿಂಗು ಈ ತೆಳುವಾದ ಪತ್ರಾಕ್ಕೆ ಒಗ್ಗುವುದಿಲ್ಲ. ಅದು ಕೂಡಿಸುವ ಬದಲು ಸುಟ್ಟು ತೂತು ಮಾಡುತ್ತದೆ. ಗ್ಯಾಸಿನ ಸಣ್ಣ ಜ್ವಾಲೆ, ಹಿತ್ತಾಳೆಯ ಬೆಸುಗೆ ಅಥವಾ ತೆಳುವಾದ ತಂತಿಯ ಸಿಓಟು ವೆಲ್ಡಿಂಗು ಇದಕ್ಕೆ ತಕ್ಕದ್ದು. ಮೊದಲು ಬಣ್ಣ, ಜಂಗು, ಎಣ್ಣೆ ಎಲ್ಲವನ್ನೂ ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು. ಕಸದ ಮೇಲೆ ಹಾಕಿದ ಬೆಸುಗೆ ಕಸದ ಜೊತೆಗೇ ಬೀಳುತ್ತದೆ.

ನಾಲ್ಕನೆಯದು, ಒಳಗಿನ ತ್ಯಾಪೆ. ಬರಿಯ ಗೆರೆಯ ಮೇಲೆ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲಿಯೇ ಇನ್ನೊಂದು ಬಿರುಕು ಏಳುತ್ತದೆ. ಬಿರುಕಿನ ಆಚೆ ಈಚೆ ಎರಡು ಮೂರು ಬೆರಳು ದಾಟುವಂಥ ಒಂದು ಪತ್ರಾದ ತುಂಡನ್ನು ಒಳಮಗ್ಗುಲಿಗೆ ಕೂಡಿಸಬೇಕು. ಅದರ ದಪ್ಪ ಮೂಲ ಪತ್ರಾದಷ್ಟೇ ಇರಲಿ, ಮೂಲೆಗಳು ದುಂಡಗಿರಲಿ. ದಪ್ಪ ತಗಡನ್ನು ಹಚ್ಚಿ ಗಟ್ಟಿ ಮಾಡಿದೆನೆಂದು ಬೀಗುವವರಿದ್ದಾರೆ. ಅತಿ ಗಟ್ಟಿಯಾದದ್ದು ತಾನು ಬಾಗದೆ ನೆರೆಯವನ ಮೇಲೆ ಭಾರ ಹಾಕುತ್ತದೆ, ತ್ಯಾಪೆಯ ಅಂಚಿನಲ್ಲಿಯೇ ಪತ್ರಾ ಸೀಳುತ್ತದೆ. ರಿಬೀಟು ಹೊಡೆದು ಕೂಡಿಸಿದರೂ ನಡೆಯುತ್ತದೆ. ಆದರೆ ಬೋಲ್ಟಿನ ತಲೆ ಒಳಗೆ, ನಟ್ಟು ಹೊರಗೆ ಬರುವಂತೆ ಕೂಡಿಸಬೇಕು. ಇಬ್ಬರು ಕುಳಿತು ಗಾಡಿ ತಗ್ಗಿಗೆ ಇಳಿದಾಗ ಶಾಕು ಕೆಳಗೆ ಕೂತು ಟಾಯರು ಮೇಲಕ್ಕೆ ಬರುತ್ತದೆ. ಆಗ ಒಳಗೆ ಚಾಚಿದ ಬೋಲ್ಟಿನ ತುದಿ ಟಾಯರನ್ನು ಕೊಯ್ಯುವ ಚಾಕುವಾಗುತ್ತದೆ.

ಐದನೆಯದನ್ನು ನಮ್ಮವರು ಯಾವಾಗಲೂ ಬಿಟ್ಟುಬಿಡುತ್ತಾರೆ. ಬೆಸುಗೆಯ ಮೇಲೆ ಒಳಗೂ ಹೊರಗೂ ರೆಡ್ ಆಕ್ಸೈಡು ಹಚ್ಚಿ ಬಣ್ಣ ಬಳಿಯಬೇಕು. ಬೆಂಕಿ ಕಂಡ ಬರಿಯ ಲೋಹ ಒಂದೇ ಮಳೆಗಾಲದಲ್ಲಿ ಜಂಗು ಹಿಡಿಯುತ್ತದೆ. ಪ್ರತಿ ಬೋಲ್ಟಿಗೂ ಹೊಸ ರಬ್ಬರಿನ ಬಿಲ್ಲೆ, ಅಗಲವಾದ ವಾಯಸರು, ಸ್ಪ್ರಿಂಗು ವಾಯಸರು ಹಾಕಬೇಕು. ರಬ್ಬರು ಸಿಗದಿದ್ದರೆ ಹಳೆಯ ಟ್ಯೂಬಿನ ತುಂಡನ್ನಾದರೂ ಕತ್ತರಿಸಿ ಹಾಕಬೇಕು. ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ಬಿಗಿಯಬೇಕು. ಈ ಬಿಲ್ಲೆ ವಾಯಸರುಗಳ ಬೆಲೆ ಒಂದು ಚಹಾ ಫಳಾರದಷ್ಟು. ಅವುಗಳ ಅಭಾವದಿಂದ ಹಾಳಾಗುವ ಮಡಗಾರ್ಡಿನ ಬೆಲೆ ಎಷ್ಟು ದಿನದ ಕೂಲಿಯೆಂಬುದನ್ನು ಅವರವರೇ ಲೆಕ್ಕ ಹಾಕಲಿ.

ಈಗಿನ ಬಹಳಷ್ಟು ಗಾಡಿಗಳ ಹಿಂಭಾಗ ಪ್ಲಾಸ್ಟಿಕ್ಕಿನದು. ಅದಕ್ಕೂ ತುದಿಯ ತೂತಿನ ನಿಯಮ ಒಂದೇ. ಕೂಡಲೆ ಅಂಟುವ ಸಣ್ಣ ಟ್ಯೂಬಿನ ಅಂಟು ನಡುಗುವ ಜಾಗದಲ್ಲಿ ನಿಲ್ಲುವುದಿಲ್ಲ, ಹರಳಿನಂತೆ ಒಡೆಯುತ್ತದೆ. ರೇಡಿಯೋ-ಮೊಬೈಲು ರಿಪೇರಿಯವರ ಕಾಯಿಸುವ ಕಬ್ಬಿಣದಿಂದ ಬಿರುಕಿನ ಎರಡೂ ಅಂಚನ್ನು ಕರಗಿಸಿ, ಒಳಗಡೆಯಿಂದ ತೆಳುವಾದ ತಂತಿಯ ಜಾಳಿಗೆಯನ್ನು ಅದರಲ್ಲಿ ಹುದುಗಿಸಿ, ಅದೇ ಜಾತಿಯ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಮೇಲೆ ಕರಗಿಸಿ ಬಿಟ್ಟರೆ ಬಹಳ ದಿನ ತಾಳುತ್ತದೆ. ಆ ಹೊಗೆಯನ್ನು ಕುಡಿಯಬಾರದು, ಬಯಲಿನಲ್ಲಿ ಕುಳಿತು ಮಾಡಬೇಕು. ದಾರಿಯಲ್ಲಿ ಸೀಳಿದರೆ ಎರಡೂ ಬದಿಗೆ ತೂತು ಕೊರೆದು ಹೊಲಿದ ಹಾಗೆ ತಂತಿ ಹಾಕಿ ಊರು ಮುಟ್ಟಬಹುದು. ಊರು ಮುಟ್ಟಿದ ಮೇಲೆ ಆ ತಂತಿಯನ್ನು ಆರು ತಿಂಗಳು ಇಟ್ಟುಕೊಳ್ಳಬಾರದು.

ಎಲ್ಲ ಬಿರುಕಿಗೂ ರಿಪೇರಿ ಸಲ್ಲದು. ಬೆರಳಿನಿಂದ ಒತ್ತಿದರೆ ಪತ್ರಾ ಪುಡಿಯಾಗುವಷ್ಟು ಜಂಗು ತಿಂದಿದ್ದರೆ, ಅಗಲದ ಅರ್ಧಕ್ಕಿಂತ ಹೆಚ್ಚು ಸೀಳಿ ಆಸರೆಯ ಪಟ್ಟಿಯೂ ಮುರಿದಿದ್ದರೆ, ಬೇರೆಯದನ್ನೇ ಹಾಕಬೇಕು. ಬಿರುಕು ಚೌಕಟ್ಟಿನಲ್ಲಿಯೇ ಕಂಡರೆ ಆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು, ಸಂತೆ ತಪ್ಪಿದರೂ ಚಿಂತೆಯಿಲ್ಲ. ಮಡಗಾರ್ಡು ಪದೇ ಪದೇ ಒಂದೇ ಜಾಗದಲ್ಲಿ ಸೀಳುತ್ತಿದ್ದರೆ ಅದು ಬೇರೆ ಕಡೆಯ ರೋಗದ ಗುರುತು. ಶಾಕು ಸತ್ತಿರಬಹುದು, ಕ್ಯಾರಿಯರಿನ ಕಾಲು ತಪ್ಪು ಜಾಗಕ್ಕೆ ಕೂತಿರಬಹುದು. ಅದನ್ನು ಸರಿಪಡಿಸದೆ ಮೂರು ಸಲ ಬೆಸುಗೆ ಹಾಕಿಸಿದರೆ ಮೂರು ಸಲದ ದುಡ್ಡೂ ನೀರುಪಾಲು.

ಖರ್ಚು ಯಾರದು?

ಇಷ್ಟು ಹೇಳಿದ ಮೇಲೆ ಮುಖ್ಯ ಪ್ರಶ್ನೆಗೆ ಬರೋಣ. "ಭಾರ ಕಡಿಮೆ ಹೇರಿರಿ, ಗಾಡಿ ಬಾಳುತ್ತದೆ" ಎಂದು ಹೇಳುವುದು ಸುಲಭ. ಮುದುಕ ಮಿಸ್ತ್ರಿಗೆ ನಾನೂ ಹಾಗೇ ಹೇಳಿದೆ. ಅವನು ನಕ್ಕ. "ಕಡಿಮಿ ಹೇರಿದ್ರ ಗಾಡಿ ಬಾಳತೈತಿ ಮಾಸ್ತರ, ಹೇರಂವ ಹೆಂಗ ಬಾಳ್ಬೇಕು?" ಎಂದ. ಎರಡು ಖೇಪಿನ ಪೆಟ್ರೋಲನ್ನು ಒಂದೇ ಖೇಪಿನಲ್ಲಿ ಉಳಿಸದಿದ್ದರೆ ಲಿಂಬಿಯವನಿಗೆ ಮನೆಗೆ ಒಯ್ಯಲು ಏನೂ ಉಳಿಯುವುದಿಲ್ಲ. ರಾತ್ರಿಪಾಳಿ ಬಿಡುವ ಹೊತ್ತಿಗೆ ಬಸ್ಸು ಇಲ್ಲದಿದ್ದರೆ ಕೆಲಸಗಾರನು ಗಾಡಿ ಹತ್ತದೆ ಏನು ಮಾಡಬೇಕು? ಬಿರುಕು ಪತ್ರಾದಲ್ಲಿ ಕಂಡರೂ ಅದನ್ನು ಹುಟ್ಟಿಸಿದ ಭಾರ ಬೇರೆಯವರ ಲೆಕ್ಕದಿಂದ ಬಂದಿರುತ್ತದೆ.

ಮೊದಲನೆಯ ಪಾಲು ಕೆಲಸ ಹೇಳುವವರದು. ಕೆಲಸಗಾರನ ಸ್ವಂತ ಗಾಡಿಯ ಮೇಲೆ ಬೇಳೆಯ ಚೀಲ ಕಳಿಸುವ ಮಾಲಕನು ಪೆಟ್ರೋಲಿಗೆ ಚಿಲ್ಲರೆ ಕೊಟ್ಟು ಕೈ ತೊಳೆದುಕೊಳ್ಳುತ್ತಾನೆ. ಟಾಯರು ಸವೆದದ್ದು, ಶಾಕು ಕೂತದ್ದು, ಮಡಗಾರ್ಡು ಸೀಳಿದ್ದು ಅವನ ಖಾತೆಯಲ್ಲಿ ಬರುವುದೇ ಇಲ್ಲ. ಮಾಲಕನ ಟೆಂಪೋ ಕೆಟ್ಟರೆ ಅದು ಧಂದೆಯ ಖರ್ಚು, ಆಳಿನ ಫಟಫಟಿ ಕೆಟ್ಟರೆ ಅದು ಆಳಿನ ಹಣೆಬರಹ. ಇದು ಯಾವ ನ್ಯಾಯ? ಗಾಡಿಯ ಸವಕಳಿಯನ್ನು ಪಗಾರದ ಜೊತೆ ಬೇರೆಯಾಗಿ ಕೇಳಬೇಕು, ಒಬ್ಬೊಬ್ಬರಾಗಿ ಅಲ್ಲ, ಕೂಡಿ ಕೇಳಬೇಕು. ಈ ಮಾತು ನಮ್ಮ ವಾಚಕರಾದ ಸಣ್ಣ ವ್ಯಾಪಾರಸ್ಥರಿಗೂ ಹತ್ತುತ್ತದೆ. ಅಂಗಡಿಯ ಹುಡುಗನ ಗಾಡಿಯಲ್ಲಿ ಡಬ್ಬಿ, ಚೀಲ ಮುಟ್ಟಿಸುವ ಅಣ್ಣಂದಿರು ಈ ವಾರ ಆ ಗಾಡಿಯ ಹಿಂಭಾಗವನ್ನು ಒಮ್ಮೆ ನೋಡಬೇಕೆಂದು ನನ್ನ ವಿನಂತಿ.

ಎರಡನೆಯ ಪಾಲು ರಸ್ತೆಯವರದು. 2000ದ ಡಿಸೆಂಬರ್ 25ರಂದು ಸುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ, ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ದುರಸ್ತಿ ಇಡಬೇಕೆಂಬ ಕರಾರು ಇರುತ್ತದೆ. ರಸ್ತೆಯ ಬಾಯಲ್ಲಿ ಫಲಕ ನಿಲ್ಲಿಸಿ ಅದರ ವಿವರ ಬರೆದಿರುತ್ತಾರೆ. ನಾವು ದಿನಾ ಅದರ ಮುಂದೆ ಹಾದುಹೋಗುತ್ತೇವೆ, ಓದುವುದಿಲ್ಲ. ಓದಬೇಕು. ಮುಗಿಸಿದ ತಾರೀಖು, ದುರಸ್ತಿಯ ಅವಧಿ ಬರೆದುಕೊಂಡು, ಅವಧಿಯೊಳಗೆ ತಗ್ಗು ಬಿದ್ದಿದ್ದರೆ ಹತ್ತು ಜನ ಸಹಿ ಮಾಡಿ ಪಂಚಾಯತಿಗೂ ತಾಲೂಕಿಗೂ ಅರ್ಜಿ ಕೊಡಬೇಕು. ಸೊಲ್ಲಾಪುರದಿಂದ ವಿಜಯಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಅಗಲವಾಯಿತೆಂದು ಸಂತೋಷಪಡೋಣ. ಆದರೆ ಲಿಂಬಿಯ ಚೀಲ ಹೆದ್ದಾರಿಯ ಮೇಲೆ ಹುಟ್ಟುವುದಿಲ್ಲ, ತೋಟದ ಹಾದಿಯಿಂದ ಬರುತ್ತದೆ.

ಮೂರನೆಯ ಪಾಲು ಗಾಡಿ ಮಾಡುವ ಕಂಪನಿಗಳದು. ಒಂದು ಪಟ್ಟಿ ಮುರಿದರೆ ಆ ಪಟ್ಟಿಯಷ್ಟೇ ಸಿಗಬೇಕು. ಇಡೀ ಹಿಂಭಾಗವನ್ನೇ ಕೊಳ್ಳಿರೆಂದರೆ ಕೊಳ್ಳುವವನು ಎಲ್ಲಿಂದ ತರಬೇಕು? ಮೋಟಾರು ಬಿಡಿಭಾಗಗಳ ಮೇಲೆ ನೂರಕ್ಕೆ 28ರಷ್ಟಿದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಆ ಇಳಿತ ಅಂಗಡಿಯ ಬಿಲ್ಲಿನಲ್ಲಿ ಕಾಣುತ್ತದೆಯೋ ಇಲ್ಲವೋ ನೋಡುವುದು ಗಿರಾಕಿಯ ಹಕ್ಕು. ರಿಪೇರಿ ಮಾಡಿಕೊಳ್ಳುವುದೂ ಹಕ್ಕೇ ಎಂದು ಜಗತ್ತು ಈಗ ಒಪ್ಪತೊಡಗಿದೆ. ನಮ್ಮ ದೇಶದಲ್ಲಿಯೂ 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆ ಇದಕ್ಕೊಂದು ಸಮಿತಿ ಮಾಡಿ, ಅದೇ ಡಿಸೆಂಬರದಲ್ಲಿ ರಿಪೇರಿಯ ಮಾಹಿತಿ ಕೊಡುವ ಜಾಲತಾಣ ತೆರೆಯಿತು. ಮೋಟಾರು ಗಾಡಿಗಳೂ ಅದರಲ್ಲಿ ಸೇರಿವೆ. ಜಾಲತಾಣ ತೆರೆದರೆ ಸಾಲದು, ಸಿಂದಗಿಯ ಮಿಸ್ತ್ರಿಯ ಕೈಗೆ ಬಿಡಿಭಾಗ ಬರಬೇಕು.

ಬಿಡಿಭಾಗವಿದ್ದರೆ ಗಾಡಿ ಎಷ್ಟು ದಿನ ಬಾಳುತ್ತದೆಂಬುದಕ್ಕೆ ಸಾಕ್ಷಿ ನಮ್ಮ ಕರ್ನಾಟಕದಲ್ಲಿಯೇ ಇದೆ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, ಮರುವರ್ಷ ಜಾವಾ ಗಾಡಿ ಹೊರಬಂತು, ಮುಂದೆ ಅದೇ ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ನಿಂತಿತು. ದುಡಿದ ಕೈಗಳು ಬೀದಿಗೆ ಬಂದವು. ಆದರೆ ಗಾಡಿಗಳು ನಿಲ್ಲಲಿಲ್ಲ. ಸಣ್ಣ ಸಣ್ಣ ವರ್ಕ್‌ಶಾಪಿನವರು ಬಿಡಿಭಾಗ ಮಾಡಿದರು, ಬೀದಿಯ ಮಿಸ್ತ್ರಿಗಳು ಬೆಸುಗೆ ಹಾಕಿದರು, ಆ ದಪ್ಪ ಪತ್ರಾದ ಮಡಗಾರ್ಡುಗಳು ಇಂದಿಗೂ ರಸ್ತೆಯ ಮೇಲಿವೆ. ಕಂಪನಿ ಕೈಬಿಟ್ಟದ್ದನ್ನು ಕೈಗೆಲಸದವನು ಉಳಿಸಿದ. ಆ ಕೈಗೆಲಸದವನಿಗೆ ಒಳ್ಳೆಯ ಬೆಸುಗೆಯ ಯಂತ್ರ, ಸ್ವಲ್ಪ ಸಾಲ, ಸ್ವಲ್ಪ ತರಬೇತು ತಾಲೂಕಿನ ಐಟಿಐಯ ಮೂಲಕ ಸಿಕ್ಕರೆ ನಮ್ಮ ನಾಲ್ಕೂ ತಾಲೂಕುಗಳಲ್ಲಿ ಎಷ್ಟೋ ಗಾಡಿಗಳು, ಎಷ್ಟೋ ಸಂಸಾರಗಳು ಗಟ್ಟಿಯಾಗುತ್ತವೆ.

ಕೊನೆಯ ಪಾಲು ನಮ್ಮದೇ. ಅದನ್ನು ಯಾರ ಮೇಲೂ ಹಾಕಲು ಬರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯ ನಿಯಮ ಇದೆ. ಹಿಂದೆ ಒಬ್ಬರು ಕೂಡುವ ಗಾಡಿಗೆ ಹಿಡಿಯಲು ಹಿಡಿಕೆ, ಕಾಲಿಡಲು ಆಸರೆ, ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಾಗದಂತೆ ಮುಚ್ಚುವ ರಕ್ಷಣೆ ಇರಬೇಕು, ಕೂತವರ ಬಟ್ಟೆ ಗಾಲಿಗೆ ಸಿಗಬಾರದು ಎಂದು ಅದು ಹೇಳುತ್ತದೆ. ಕಾಯಿದೆಗಳಲ್ಲಿ ಬಡವರ ಪರವಾದ ಮಾತು ಹುಡುಕಿ ಸಿಗುವುದು ಅಪರೂಪ. ಇದು ಅಂಥ ಒಂದು ಮಾತು. ಪೊಲೀಸರ ದಂಡಕ್ಕೆ ಅಂಜಿ ಇದನ್ನು ಪಾಲಿಸಬೇಕಾಗಿಲ್ಲ, ಹಿಂದೆ ಕುಳಿತ ತಾಯಿ, ಅಕ್ಕ, ಹೆಂಡತಿ, ಮಗಳ ಮುಖ ನೋಡಿ ಪಾಲಿಸಬೇಕು. ಚಂದ ಕಾಣುವುದಿಲ್ಲವೆಂದು ಸೀರೆಯ ಜಾಳಿಗೆಯನ್ನು ಬಿಚ್ಚಿ ಎಸೆಯುವ ತರುಣರನ್ನು ನಾನು ದಿನಾ ನೋಡುತ್ತೇನೆ. ಚಂದದ ಬೆಲೆಯನ್ನು ತೆರುವವರು ಹಿಂದೆ ಕೂತಿರುತ್ತಾರೆ. ಮಡಗಾರ್ಡಿಲ್ಲದ ಗಾಲಿ ಹಿಂದೆ ಬರುವ ಸಾಯಕಲ್ ಸವಾರನ ಕಣ್ಣಿಗೆ ರಾಡಿಯನ್ನೂ ಹರಳನ್ನೂ ಎಸೆಯುತ್ತದೆ. ಅವನೂ ನಮ್ಮವನೇ. ಸೀಳಿದ ಮಡಗಾರ್ಡಿನ ಜೊತೆ ಹಿಂದಿನ ದೀಪವೂ ಕತ್ತಲಾದರೆ ರಾತ್ರಿಪಾಳಿಯವನು ಕಬ್ಬಿನ ಟ್ರ್ಯಾಕ್ಟರಿನ ಬಾಯಿಗೆ ತಾನೇ ಹೋಗಿ ನಿಂತಂತೆ.

"ಒಂದು ಬಿರುಕಿಗೆ ಇಷ್ಟು ಪುರಾಣವೆ?" ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಬಿರುಕು ಕೂದಲೆಳೆಯಷ್ಟಿದ್ದಾಗ ಅದರ ಖರ್ಚು ಒಂದು ತೂತು, ಎರಡು ವಾಯಸರು. ಬೆರಳಷ್ಟಾದಾಗ ಒಂದು ದಿನದ ಕೂಲಿ. ಅರ್ಧ ಅಗಲವಾದಾಗ ಒಂದು ವಾರದ ಸಂತೆ. ನನ್ನ ಹಾಗೆ ಬಿಚ್ಚಿ ಅಟ್ಟಕ್ಕೆ ಹಾಕಿದಾಗ ಅದರ ಬೆಲೆ ಎಷ್ಟಾಗಬಹುದಾಗಿತ್ತು ಎಂಬುದನ್ನು ನೆನೆದರೆ ಈಗಲೂ ರಾತ್ರಿ ನಿದ್ದೆ ಹತ್ತುವುದಿಲ್ಲ.

ಕೆಲಸಗಾರ ಬಂಧುಗಳೇ, ವ್ಯಾಪಾರಸ್ಥ ಅಣ್ಣಂದಿರೇ, ಒಂದು ಕೆಲಸ ಮಾಡಿರಿ. ಮುಂದಿನ ಸಂತೆಗೆ ಹೊರಡುವ ಮೊದಲು ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ಒಂದು ಕಟ್ಟಿಗೆಯ ತುಂಡಿನಿಂದ ಒಳಗಿನ ಎರೆಯನ್ನು ಕೆರೆದು ತೆಗೆದು, ಪ್ರತಿಯೊಂದು ಬೋಲ್ಟಿನ ಸುತ್ತ ಬೆರಳಾಡಿಸಿರಿ. ಒಂದು ಓಣಿಯ ಐದಾರು ಜನ ಕೂಡಿ ಒಂದು ಪಾನಾದ ಸೆಟ್ಟು, ಒಂದು ಪೊಟ್ಟಣ ವಾಯಸರು, ಒಂದು ಹಳೆಯ ಟ್ಯೂಬು ಇಟ್ಟುಕೊಳ್ಳಿರಿ. ಸಂಶಯ ಬಂದರೆ ಎಣ್ಣೆ ಸವರಿ ಖಡು ಉದುರಿಸಿರಿ. ಖಡು ಇಲ್ಲದಿದ್ದರೆ ಮಕ್ಕಳ ಪಾಟೀಚೀಲದಲ್ಲಿ ಇದ್ದೇ ಇರುತ್ತದೆ.

ನನ್ನ ಗಾಡಿಯ ಮಡಗಾರ್ಡು ಈಗ ಅಟ್ಟದಿಂದ ಇಳಿದು ತನ್ನ ಜಾಗದಲ್ಲಿ ಕೂತಿದೆ. ಒಳಗೆ ಒಂದು ತ್ಯಾಪೆ, ಹೊರಗೆ ಒಂದು ವಕ್ರವಾದ ಗೆರೆ. ಜಾಳಿಗೆಯೂ ಬಂದಿದೆ. ಮೊನ್ನೆ ಅಕ್ಕ ಮತ್ತೆ ಹಿಂದೆ ಕುಳಿತಳು. ಕೂಡ್ರುವ ಮೊದಲು ಬಾಗಿ ಗಾಲಿಯ ಕಡೆಗೆ ನೋಡಿದಳು, ಏನೂ ಅನ್ನಲಿಲ್ಲ, ಸೆರಗು ಸುತ್ತಿಕೊಂಡು "ನಡಿ" ಎಂದಳು.